ಓದುಗರ ಪ್ರಶ್ನೆ: ಬಿಸಿಎ ಓದು, ಅಡತಿ ಅಂಗಡಿಯ ಲೆಕ್ಕ

ಪಿಯುಸಿ ವಾಣಿಜ್ಯ ಮುಗಿಸಿದ್ದೇನೆ. ಬಿಸಿಎ ಸೇರಲೋ, ಕಂಪ್ಯೂಟರ್ ಇರುವ ಬಿಕಾಂ ಸೇರಲೋ? ಬಿಬಿಎಯಲ್ಲಿ ಮಾಹಿತಿ ವ್ಯವಸ್ಥೆ ಎಂಬ ವಿಷಯ ಇದೆಯಂತೆ, ಅದೇನು?
– ಓದುಗರು, ಸೇಡಂ

ಬಿಸಿಎ ಪ್ರೋಗ್ರಾಮ್ ಬರೆಯುವವರ ಓದು. ಸಿ, ಡೇಟಾ ಸ್ಟ್ರಕ್ಚರ್, ಡೇಟಾಬೇಸ್, ಆಪರೇಟಿಂಗ್ ಸಿಸ್ಟಂ, ಜಾವಾ ಅಥವಾ ಪೈಥಾನ್ ಅಲ್ಲಿ ಮುಖ್ಯ ವಿಷಯಗಳು. ವಾಣಿಜ್ಯ ಓದಿದವರಿಗೂ ಸಾಮಾನ್ಯವಾಗಿ ಸೀಟು ಸಿಗುತ್ತದೆ. ಬಿಕಾಂನ ಕಂಪ್ಯೂಟರ್ ಪತ್ರಿಕೆಗಳು ಹೆಚ್ಚಾಗಿ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ನಮೂದುಗಳ ಸುತ್ತ ಇರುತ್ತವೆ. ಕೈಗೆ ಕೆಲಸ ಬೇಗ ಹತ್ತುತ್ತದೆ, ಪ್ರೋಗ್ರಾಮಿಂಗ್ ಅಷ್ಟಾಗಿ ಬರುವುದಿಲ್ಲ. ಮಾಹಿತಿ ವ್ಯವಸ್ಥೆ ಇವೆರಡರ ನಡುವಿನದು: ಒಂದು ವ್ಯವಹಾರದಲ್ಲಿ ಯಾವ ಕಾಗದ ಎಲ್ಲಿ ಹುಟ್ಟುತ್ತದೆ, ಯಾರ ಕೈ ದಾಟುತ್ತದೆ, ಅದರಿಂದ ಯಾರು ಏನು ತೀರ್ಮಾನಿಸುತ್ತಾರೆ ಎಂಬ ಅಧ್ಯಯನ. ಬಿಬಿಎಯಲ್ಲಿ ಅದು ಒಂದೆರಡು ಪತ್ರಿಕೆಗೆ ಮುಗಿದುಹೋಗುತ್ತದೆ.

ನಮ್ಮ ಸಲಹೆ ಬಿಸಿಎ. ಡೆಬಿಟ್, ಕ್ರೆಡಿಟ್ ಆಗಲೇ ಗೊತ್ತಿರುವವರು ಡೇಟಾಬೇಸ್ ಕಲಿತರೆ ವಿಜ್ಞಾನ ಓದಿ ಬಂದ ಸಹಪಾಠಿಗಳಿಗಿಂತ ಮುಂದೆ ಇರುತ್ತಾರೆ. ಸೇರುವ ಮುನ್ನ ಕಾಲೇಜಿಗೆ ಹೋಗಿ ಲ್ಯಾಬ್ ಒಳಗೆ ಕಾಲಿಡಿ. ವಾರಕ್ಕೆ ಎಷ್ಟು ಗಂಟೆ ಲ್ಯಾಬ್, ಒಂದು ಯಂತ್ರಕ್ಕೆ ಎಷ್ಟು ಜನ, ಈಗ ಯಾವ ಕಂಪೈಲರ್ ಬಳಸುತ್ತಾರೆ ಎಂದು ಕೇಳಿ. ಕಟ್ಟಡ ನೋಡಿ ಸೇರಬೇಡಿ.

ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ತೊಗರಿ ಅಡತಿ ಅಂಗಡಿಯ (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸುವ ಅಂಗಡಿ) ಬಿಲ್ಲಿಂಗ್ ಮಾಡಿದ್ದೇನೆ. ಇವತ್ತಿನ ದರ ಬದಲಿಸಿದರೆ ಹಳೆಯ ಬಿಲ್ಲುಗಳ ಮೊತ್ತವೂ ಬದಲಾಗುತ್ತದೆ. ಒಟ್ಟು ಲೆಕ್ಕದಲ್ಲಿ ಪೈಸೆಗಳೂ ಕೂಡುತ್ತಿಲ್ಲ. ಎಲ್ಲಿ ತಪ್ಪಿದೆ?
– ಓದುಗರು, ಕಲಬುರಗಿ

ಎರಡು ಬೇರೆ ಬೇರೆ ತಪ್ಪುಗಳಿವೆ.

ಮೊದಲನೆಯದು ವಿನ್ಯಾಸದ್ದು. ನೀವು ದರವನ್ನು ಮಾಲಿನ ಕೋಷ್ಟಕದಲ್ಲಿ ಮಾತ್ರ ಇಟ್ಟು, ಬಿಲ್ ತೋರಿಸುವಾಗ ಅಲ್ಲಿಂದ ಎತ್ತಿ ಗುಣಿಸುತ್ತಿದ್ದೀರಿ. ಒಂದೇ ಮಾಹಿತಿ ಎರಡು ಕಡೆ ಇರಬಾರದು ಎಂದು ನಾರ್ಮಲೈಸೇಶನ್ ಪಾಠ ಹೇಳುತ್ತದೆ, ನಿಜ. ಆದರೆ ಇವತ್ತಿನ ದರ ಮತ್ತು ಆ ದಿನ ಸವಾಲಿನಲ್ಲಿ (ಹರಾಜಿನಲ್ಲಿ) ನಿಂತ ದರ ಒಂದೇ ಮಾಹಿತಿಯಲ್ಲ. ಮಾರಾಟವಾದ ದರ ಬಿಲ್ಲಿನ ಆ ಸಾಲಿನಲ್ಲೇ, ತೂಕದ ಪಕ್ಕದಲ್ಲೇ ಉಳಿಯಬೇಕು. ಹಮಾಲಿ, ತೂಕದ ಕೂಲಿ, ಕಮಿಷನ್ ಶೇಕಡಾವಾರು ಎಲ್ಲಕ್ಕೂ ಇದೇ ನಿಯಮ.

ಎರಡನೆಯದು ಅಂಕಿಯ ಬಗೆ. ಹಣಕ್ಕೆ ಫ್ಲೋಟ್ ಹಾಕಿದ್ದೀರಿ. ಫ್ಲೋಟ್ ಎಂದರೆ ದಶಮಾಂಶ ಅಂಕಿಯನ್ನು ಅಂದಾಜಾಗಿ ಇಡುವ ಬಗೆ, ಆರೇಳು ಅಂಕಿಗಳನ್ನಷ್ಟೇ ನಂಬಿಕೆಯಿಂದ ಹಿಡಿದಿಡುತ್ತದೆ. ಪರೀಕ್ಷಿಸಿ ನೋಡಿ: ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಫ್ಲೋಟ್ ಕಾಲಂಗೆ 123456.78 ತುಂಬಿ ಸೆಲೆಕ್ಟ್ ಮಾಡಿದರೆ 123457 ಎಂದು ಬರುತ್ತದೆ. ಅಂಕಿಯನ್ನು ಇದ್ದಂತೆಯೇ ಇಡುವ ಬಗೆ ಡೆಸಿಮಲ್: ಹಣಕ್ಕೆ ಡೆಸಿಮಲ್ (12,2), ಎಂದರೆ ಒಟ್ಟು 12 ಅಂಕಿ, ಅದರಲ್ಲಿ ದಶಮಾಂಶ 2; ಕ್ವಿಂಟಲ್ ತೂಕಕ್ಕೆ ಡೆಸಿಮಲ್ (10,3) ಇಡಿ. ಮೂರನೆಯ ದಶಮಾಂಶ ಎಂದರೆ 100 ಗ್ರಾಂ, ಅಷ್ಟು ಸಾಕು.

ಡೆಸಿಮಲ್ ಮಾಡಿದ ಮೇಲೂ ಒಂದು ಪೈಸೆ ತಪ್ಪಬಹುದು. ಕ್ವಿಂಟಲ್‌ಗೆ 7,255 ರೂಪಾಯಿಯಂತೆ 12.347 ಕ್ವಿಂಟಲ್ ಎಂದುಕೊಳ್ಳಿ, ಗುಣಿಸಿದರೆ 89,577.485. ಬಿಲ್ಲಿನ ಸಾಲಿನಲ್ಲಿ ಹತ್ತಿರದ ಪೈಸೆಗೆ ಸರಿಹೊಂದಿಸಿದಾಗ ಅದು 89,577.49 ಆಗುತ್ತದೆ. ಇಂಥ ಎರಡು ಸಾಲು ಕೂಡಿದರೆ 1,79,154.98. ಸಾಲುಗಳನ್ನು ಸರಿಹೊಂದಿಸದೆ ಕೂಡಿ ಕೊನೆಯಲ್ಲಿ ಸರಿಹೊಂದಿಸಿದರೆ 1,79,154.97. ರೈತ ಚೀಟಿಯಲ್ಲಿ ಕಾಣುವುದು ಸಾಲಿನ ಮೊತ್ತ. ಹಾಗಾಗಿ ಪ್ರತಿ ಸಾಲನ್ನೂ ಒಮ್ಮೆ ಸರಿಹೊಂದಿಸಿ, ಆ ಮೊತ್ತವನ್ನೇ ಉಳಿಸಿ, ಅದನ್ನೇ ಕೂಡಿ. ಪರದೆಯಲ್ಲಿ ಒಂದು ಲೆಕ್ಕ, ವರದಿಯಲ್ಲಿ ಇನ್ನೊಂದು ಲೆಕ್ಕ ಬರೆದರೆ ಯಾವ ಅಡತಿಯವರೂ ನಿಮ್ಮ ತಂತ್ರಾಂಶ ನಂಬುವುದಿಲ್ಲ, ನಂಬಬಾರದು ಕೂಡ.

ಕೇಳದಿದ್ದರೂ ಇನ್ನಷ್ಟು ಹೇಳುತ್ತೇವೆ, ಏಕೆಂದರೆ ಈ ಪ್ರಾಜೆಕ್ಟ್ ನಿಜಕ್ಕೂ ಉಪಯೋಗಕ್ಕೆ ಬರುವಂಥದ್ದು. ರೈತರ ಹೆಸರು, ಊರು ಸೇರಿಸಿ ಪ್ರೈಮರಿ ಕೀ (ಒಬ್ಬರನ್ನು ಇನ್ನೊಬ್ಬರಿಂದ ಬೇರೆಯಾಗಿ ಗುರುತಿಸುವ ಕಾಲಂ) ಮಾಡಬೇಡಿ. ಒಂದೇ ಊರಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇರುತ್ತಾರೆ. ಮೊಬೈಲ್ ಸಂಖ್ಯೆಯೂ ಬೇಡ, ಅದು ಬದಲಾಗುತ್ತದೆ, ಮನೆಮಂದಿಗೆಲ್ಲ ಒಂದೇ ಇರುವುದೂ ಉಂಟು. ಪ್ರತ್ಯೇಕ ಖಾತೆ ಸಂಖ್ಯೆ ಕೊಡಿ. ಮುಂಗಡ ಪಡೆದ ರೈತರ ಬಾಕಿಯನ್ನು ಒಂದು ಕಾಲಂನಲ್ಲಿ ಬರೆದಿಟ್ಟು ತಿದ್ದುತ್ತ ಹೋಗಬೇಡಿ. ಮುಂಗಡ, ಮಾಲು, ಪಾವತಿ ಒಂದೊಂದೂ ಕಿರ್ದಿಯ (ದಿನದ ಲೆಕ್ಕದ ಪುಸ್ತಕ) ಹಾಗೆ ಪ್ರತ್ಯೇಕ ಸಾಲಾಗಿರಲಿ, ಬಾಕಿಯನ್ನು ಕೂಡಿ ತೆಗೆಯಿರಿ. ಬಿಲ್ ರದ್ದಾದರೆ ಡಿಲೀಟ್ ಮಾಡದೆ ‘ರದ್ದು’ ಎಂದು ಗುರುತು ಹಾಕಿ. ಬಿಲ್ ಉಳಿಸುವುದು, ದಾಸ್ತಾನು ಬದಲಿಸುವುದು ಎರಡನ್ನೂ ಒಂದೇ ಟ್ರಾನ್ಸಾಕ್ಷನ್ ಒಳಗೆ ಇಡಿ; ನಡುವೆ ಕರೆಂಟ್ ಹೋದರೆ ಎರಡೂ ಆಗಿರಬೇಕು, ಇಲ್ಲವೇ ಎರಡೂ ಆಗಿರಬಾರದು.

ಇದನ್ನೆಲ್ಲ ತಿಳಿಯಲು ಉತ್ತಮ ದಾರಿ, ಸುಗ್ಗಿಯ ದಿನಗಳಲ್ಲಿ ಎಪಿಎಂಸಿಯ ಗಂಜ್‌ಗೆ (ಮಾರುಕಟ್ಟೆಗೆ) ಹೋಗಿ ಒಂದು ಅಂಗಡಿಯ ಲೆಕ್ಕ ಬರೆಯುವ ಮುನೀಮರ ಪಕ್ಕ ಅರ್ಧ ದಿನ ಕೂರುವುದು. ಅವರ ಪುಸ್ತಕದಲ್ಲಿ ಎಷ್ಟು ಕಾಲಂಗಳಿವೆ, ಯಾವುದನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಾರೆ ನೋಡಿ. ಪೆನ್ಸಿಲ್‌ನಲ್ಲಿ ಬರೆದದ್ದು ಆಮೇಲೆ ಬದಲಾಗುವ ಮಾಹಿತಿ. ನಿಮ್ಮ ವಿನ್ಯಾಸದಲ್ಲಿ ಅದಕ್ಕೆ ಜಾಗ ಇದೆಯೇ ಎಂದು ಕೇಳಿಕೊಳ್ಳಿ.

ಹಳ್ಳಿಗಳ ಹೆಸರನ್ನು ಕನ್ನಡದಲ್ಲಿ ಎಕ್ಸೆಲ್‌ನಿಂದ ಡೇಟಾಬೇಸ್‌ಗೆ ಹಾಕಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ.
– ಓದುಗರು, ಬೀದರ್

ಚಿಹ್ನೆಗಳು ಬಂದಿವೆ ಎಂದರೆ ಅಕ್ಷರ ಆಗಲೇ ಕಳೆದುಹೋಗಿದೆ. ಮೂಲ ಕಡತದಿಂದ ಮತ್ತೆ ತುಂಬಬೇಕು. ಅದರ ಬದಲು ವಿಚಿತ್ರ ರೋಮನ್ ಅಕ್ಷರಗಳ ಸಾಲು ಬಂದಿದ್ದರೆ, ಬೈಟ್‌ಗಳು ಉಳಿದಿವೆ, ಓದುವ ರೀತಿ ಮಾತ್ರ ತಪ್ಪಿದೆ ಎಂದಾಗಿರಬಹುದು.

ಎಕ್ಸೆಲ್‌ನಲ್ಲಿ ಉಳಿಸುವಾಗ ಬರೀ ಸಿಎಸ್‌ವಿ ಆರಿಸಬೇಡಿ, ‘ಸಿಎಸ್‌ವಿ ಯುಟಿಎಫ್-8’ ಆರಿಸಿ. ಕೋಷ್ಟಕದ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ರೀತಿ) ಯುಟಿಎಫ್8ಎಂಬಿ4 ಆಗಿರಲಿ. ಮೈಎಸ್‌ಕ್ಯೂಎಲ್ 8ರಲ್ಲಿ ಅದೇ ಸಹಜ ಆಯ್ಕೆ, ಹಳೆಯ ಆವೃತ್ತಿಗಳಲ್ಲಿ ಕನ್ನಡ ಹಿಡಿಯದ ಲ್ಯಾಟಿನ್1 ಇರುತ್ತದೆ. ಹೆಚ್ಚಿನವರು ಮರೆಯುವುದು ಸಂಪರ್ಕದ ಸೆಟ್ಟಿಂಗ್. ಪ್ರೋಗ್ರಾಮ್ ಡೇಟಾಬೇಸ್‌ಗೆ ಜೋಡಣೆಯಾಗುವ ಸಾಲಿನಲ್ಲೂ ಅದನ್ನೇ ಬರೆಯಬೇಕು. ಹೆಸರುಗಳು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗಿದ್ದರೆ ಅವು ಯುನಿಕೋಡ್ ಅಲ್ಲವೇ ಅಲ್ಲ, ಮೊದಲು ಪರಿವರ್ತಕದಲ್ಲಿ ಹಾಕಿ.

ಕಾಲಂ ಉದ್ದವನ್ನೂ ಗಮನಿಸಿ. ‘ಬಸವಕಲ್ಯಾಣ’ ನಮಗೆ ಆರು ಅಕ್ಷರ. ಯುನಿಕೋಡ್‌ನಲ್ಲಿ ಒತ್ತು, ದೀರ್ಘ ಬೇರೆ ಬೇರೆಯಾಗಿ 9 ಚಿಹ್ನೆ, ಒಂದೊಂದಕ್ಕೆ 3 ಬೈಟ್‌ನಂತೆ 27 ಬೈಟ್. ಅಕ್ಷರದ ಕಾಲಂಗೆ ಬಳಸುವ ವಾರ್‌ಚಾರ್ ಎಣಿಸುವುದು ಆ 9ನ್ನು. ಹಳ್ಳಿಯ ಹೆಸರಿಗೆ 60 ಇಟ್ಟರೆ ತೊಂದರೆಯಿಲ್ಲ.

ಬಿಕಾಂ ಆಗಿದೆ. ಎಂಸಿಎ ಮಾಡಬಹುದೇ?
– ಓದುಗರು, ಶಹಾಪುರ

ಮಾಡಬಹುದು, ಪಿಯುಸಿ ಅಥವಾ ಪದವಿಯಲ್ಲಿ ಗಣಿತ ಓದಿದ್ದರೆ. ಎಂಸಿಎ ಈಗ ಎರಡು ವರ್ಷ. ಕಂಪ್ಯೂಟರ್ ಓದದೆ ಬಂದವರಿಗೆ ಬ್ರಿಡ್ಜ್ ಕೋರ್ಸ್ ಇರುತ್ತದೆ. ಪ್ರವೇಶ ಪಿಜಿಸಿಇಟಿ (ಸ್ನಾತಕೋತ್ತರ ಸಾಮಾನ್ಯ ಪ್ರವೇಶ ಪರೀಕ್ಷೆ) ಮೂಲಕ. ಅಂಕಪಟ್ಟಿಯಲ್ಲಿರುವ ‘ವ್ಯವಹಾರ ಗಣಿತ’ವನ್ನು ಒಪ್ಪುತ್ತಾರೆಯೇ ಎಂದು ಅರ್ಜಿ ತುಂಬುವ ಮುನ್ನ ಖಚಿತಪಡಿಸಿಕೊಳ್ಳಿ.

ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರ ಈಗಲೇ ಮಾಡಿಸಿ. ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70, ಉಳಿದೆಡೆ ಶೇ 8 ಸೀಟುಗಳಿವೆ. ಕೊಡುವವರು ಸಹಾಯಕ ಆಯುಕ್ತರು. ಫಲಿತಾಂಶದ ಹೊತ್ತಿಗೆ ಅಲ್ಲಿ ಸಾಲು ಉದ್ದವಾಗುತ್ತದೆ.

ಸಿ ಪ್ರೋಗ್ರಾಮ್‌ನಲ್ಲಿ ರೋಲ್ ನಂಬರ್ ತೆಗೆದುಕೊಂಡ ಮೇಲೆ ಹೆಸರು ಕೇಳದೆ ಮುಂದೆ ಓಡುತ್ತದೆ.
– ಓದುಗರು, ಚಿತ್ತಾಪುರ

ಸ್ಕ್ಯಾನ್‌ಎಫ್ ಅಂಕಿಯನ್ನು ಎತ್ತಿಕೊಂಡು ನೀವು ಒತ್ತಿದ ಎಂಟರ್ ಅನ್ನು ಅಲ್ಲೇ ಬಿಡುತ್ತದೆ. ಮುಂದಿನ ಎಫ್‌ಗೆಟ್ಸ್ ಅದನ್ನೇ ಖಾಲಿ ಹೆಸರು ಎಂದು ಓದಿ ಮುಗಿಸುತ್ತದೆ. ಎಫ್‌ಫ್ಲಶ್ ಹಾಕಿ ಎಂದು ಸಲಹೆ ಕೊಡುತ್ತಾರೆ. ಇನ್‌ಪುಟ್ ಮೇಲೆ ಅದರ ಫಲ ಏನೆಂದು ಸಿ ಭಾಷೆಯ ಮಾನದಂಡ ಹೇಳುವುದಿಲ್ಲ, ಆದ್ದರಿಂದ ಬೇಡ. ಎಲ್ಲವನ್ನೂ ಎಫ್‌ಗೆಟ್ಸ್‌ನಿಂದ ಸಾಲಾಗಿ ಓದಿ, ಅಂಕಿ ಬೇಕಾದಾಗ ಆ ಸಾಲಿನಿಂದ ಎಸ್‌ಸ್ಕ್ಯಾನ್‌ಎಫ್ ಬಳಸಿ ತೆಗೆಯಿರಿ.

ಲ್ಯಾಬ್‌ನಲ್ಲಿ ಟರ್ಬೊ ಸಿ ಎಂಬ ಹಳೆಯ ಕಂಪೈಲರ್ ಇದ್ದರೆ ಇನ್ನೊಂದು ಎಚ್ಚರಿಕೆ: ಅಲ್ಲಿ ಪೂರ್ಣಾಂಕದ ಬಗೆಯಾದ ಇಂಟ್ 16 ಬಿಟ್, 32767ಕ್ಕೆ ನಿಲ್ಲುತ್ತದೆ. 40000 ತುಂಬಿದರೆ -25536 ಕಾಣುತ್ತದೆ. ಮನೆಯಲ್ಲಿ ಜಿಸಿಸಿ ಕಂಪೈಲರ್ ಹಾಕಿಕೊಳ್ಳಿ, ಅದರಲ್ಲಿ ನಡೆಯದ ಕೋನಿಯೊ ಹೆಡರ್ ಮತ್ತು ಕ್ಲಿಯರ್ ಸ್ಕ್ರೀನ್ ಸಾಲುಗಳನ್ನು ತೆಗೆಯಿರಿ, ವಾಯ್ಡ್ ಮೇನ್ ಬದಲು ಇಂಟ್ ಮೇನ್ ಬರೆಯಿರಿ. ಅದೇ ಪ್ರೋಗ್ರಾಮ್ ಎರಡೂ ಕಡೆ ಓಡಬೇಕಾದರೆ ದೊಡ್ಡ ಅಂಕಿಗಳಿಗೆ ಲಾಂಗ್ ಬಳಸಿ.