ಮರಳು ಗಡಿಯಾರ ಲೋಗೊ ಅಲ್ಲ: ಮಂಡ್ಯದ ಲೇಖಕರೊಬ್ಬರಿಗೆ ಉತ್ತರ

ನಮಸ್ಕಾರ.

ಮಂಡ್ಯದಿಂದ ನೀವು ಕಳಿಸಿದ ಲೇಖನ ತಲುಪಿತು. ‘ಡೇಸ್ ಆಫ್ ಅವರ್ ಲೈವ್ಸ್’ ಎಂಬ ಅಮೆರಿಕನ್ ಧಾರಾವಾಹಿಯ ನಿರ್ಮಾಪಕರು ಪರದೆಯ ಮೇಲೆ ತೋರಿಸುತ್ತಾ ಬಂದ ಲೋಗೊಗಳ ಇತಿಹಾಸ ಅದು. ಈಗಿರುವ ಹಾಗೆ ನಮ್ಮ ಪತ್ರಿಕೆಗೆ ಆಗುವುದಿಲ್ಲ. ಆದರೆ ವಿಷಯ ಬಿಡುವಂಥದ್ದಲ್ಲ, ಅದಕ್ಕೇ ಎರಡು ಸಾಲಿನ ವಿಷಾದಪತ್ರದ ಬದಲು ಇಷ್ಟು ಉದ್ದ ಬರೆಯುತ್ತಿದ್ದೇವೆ.

ಮೈಸೂರು ಸ್ಯಾಂಡಲ್ ಸೋಪಿನಿಂದ ಹೊರಟು ಸೋಪ್ ಒಪೆರಾ (ದಿನನಿತ್ಯದ ಟಿವಿ ಧಾರಾವಾಹಿ) ತಲುಪುವ ಮೊದಲ ಎರಡು ಪ್ಯಾರಾ ಹೊಡೆದುಹಾಕಿ. ಜಾಣತನ ಕಾಣುತ್ತದೆ, ಲೇಖನ ಮಾತ್ರ ಇದ್ದಲ್ಲೇ ಇರುತ್ತದೆ.

ಮೂರು ಬೇರೆ ಬೇರೆ ವಸ್ತುಗಳನ್ನು ನೀವು ‘ಲೋಗೊ’ ಎಂಬ ಒಂದೇ ಹೆಸರಿನಡಿ ತಂದಿದ್ದೀರಿ. ಮರಳು ಗಡಿಯಾರ, ಅದರ ಜೊತೆ ಕೇಳುವ ನಟ ಮ್ಯಾಕ್‌ಡೊನಾಲ್ಡ್ ಕೇರಿ ಅವರ ದನಿ, ಇವು ಧಾರಾವಾಹಿಯ ಟೈಟಲ್. ನವಿಲು ಧಾರಾವಾಹಿಯನ್ನು ಪ್ರಸಾರ ಮಾಡಿದ ಎನ್‌ಬಿಸಿ ಚಾನೆಲ್ಲಿನದು. ನಿರ್ಮಾಪಕರ ಲೋಗೊ ಬರುವುದು ಕಲಾವಿದರು, ತಂತ್ರಜ್ಞರ ಹೆಸರುಗಳೆಲ್ಲ ಮುಗಿದ ಮೇಲೆ, ಕಂತಿನ ತುತ್ತತುದಿಯಲ್ಲಿ, ಕೆಲವೇ ಸೆಕೆಂಡು. ನಿಮ್ಮ ಹನ್ನೊಂದು ಚಿತ್ರಗಳಲ್ಲಿ ಆರು ಮರಳು ಗಡಿಯಾರದವು. ಅವನ್ನು ತೆಗೆದರೆ ನಿಮ್ಮ ಕೈಯಲ್ಲಿ ನಿಜಕ್ಕೂ ಎಷ್ಟು ಸಾಮಗ್ರಿ ಇದೆ ಎಂದು ನಿಮಗೇ ತಿಳಿಯುತ್ತದೆ.

ಇನ್ನು ಇಸವಿಗಳು. ಧಾರಾವಾಹಿ ಶುರುವಾದದ್ದು 1965ರ ನವೆಂಬರ್ 8ರಂದು. ಟೆಡ್ ಮತ್ತು ಬೆಟಿ ಕಾರ್ಡೆ ದಂಪತಿಯ ಕಾರ್ಡೆ ಪ್ರೊಡಕ್ಷನ್ಸ್ ಜೊತೆ ಪಾಲುದಾರನಾಗಿದ್ದದ್ದು ಹಾಲಿವುಡ್ ಸಿನಿಮಾ ಕಂಪನಿ ಕೊಲಂಬಿಯಾದ ಟಿವಿ ಶಾಖೆ ಸ್ಕ್ರೀನ್ ಜೆಮ್ಸ್. ಆ ಶಾಖೆ 1974ರಲ್ಲಿ ಕೊಲಂಬಿಯಾ ಪಿಕ್ಚರ್ಸ್ ಟೆಲಿವಿಷನ್ ಆಯಿತು, 1994ರಲ್ಲಿ ಕೊಲಂಬಿಯಾ ಟ್ರೈಸ್ಟಾರ್ ಟೆಲಿವಿಷನ್ ಹುಟ್ಟಿತು, 2002ರಲ್ಲಿ ಸೋನಿ ಪಿಕ್ಚರ್ಸ್ ಟೆಲಿವಿಷನ್ ಎಂದಾಯಿತು. ನೀವು ಕೊಟ್ಟಿರುವ ಈ ಇಸವಿಗಳೆಲ್ಲ ಸರಿ. ಆದರೆ ಇವು ಕಂಪನಿಯ ಇಸವಿಗಳು, ಪರದೆಯವಲ್ಲ. ಕೊಲಂಬಿಯಾವನ್ನು 1982ರಲ್ಲಿ ಕೋಕಾ-ಕೋಲಾ ಕೊಂಡಿತು, 1989ರಲ್ಲಿ ಸೋನಿ ಕೊಂಡಿತು. ಸೋನಿ ಹೆಸರು ಆ ಟಿವಿ ಶಾಖೆಗೆ ಬಂದದ್ದು ಹದಿಮೂರು ವರ್ಷ ಕಳೆದ ಮೇಲೆ! ಯಜಮಾನ ಬದಲಾದ ದಿನವೇ ಲೋಗೊ ಬದಲಾಯಿತು ಎಂದು ಬರೆದರೆ ಎಂಥ ತಪ್ಪಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ನಿಮ್ಮ 1989ರ ಪ್ಯಾರಾದಲ್ಲಿ ಆಗಿರುವುದು ಇದೇ. ಹೆಸರು ಬದಲಾದಾಗಲೂ ಹೀಗೆಯೇ. ಕಂತುಗಳು ಮುಂಚಿತವಾಗಿ ರೆಕಾರ್ಡ್ ಆಗಿರುತ್ತವೆ, ಕೊನೆಯ ಲೋಗೊ ತುಣುಕು ಬೇರೆಯಾಗಿ ತಯಾರಾಗಿ ಕಂತಿಗೆ ಸೇರುತ್ತದೆ, ಹೊಸದು ಕೈಗೆ ಬರುವವರೆಗೆ ಹಳೆಯದೇ ಓಡುತ್ತದೆ.

ಹಾಗಾಗಿ ಪ್ರತಿ ಲೋಗೊಗೂ ನೀವು ಕೊಡಬೇಕಾದದ್ದು ಅದು ಕಂಡ ಕಂತಿನ ಪ್ರಸಾರ ದಿನಾಂಕ. ನಿಮಗೆ ಸಿಕ್ಕ ಅತ್ಯಂತ ಹಳೆಯ ಕಂತು, ಅತ್ಯಂತ ಈಚಿನ ಕಂತು, ಎರಡೂ ಇರಲಿ. ನಡುವೆ ಖಾಲಿ ಇದ್ದರೆ ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ. ಹಕ್ಕುಸ್ವಾಮ್ಯದ ಸಾಲಿನಲ್ಲಿ ಇಸವಿ ತೋರಿಸುವ ರೋಮನ್ ಅಂಕಿ ಓದುವಾಗ ಹುಷಾರು: ಕೊನೆಗೆ ‘ಐವಿ’ ಇದ್ದರೆ ನಾಲ್ಕು, ‘ವಿಐ’ ಇದ್ದರೆ ಆರು. ಮಸುಕಾದ ಟೇಪಿನಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. ನೀವು ಒಂದು ಕಡೆ 1974ನ್ನು 1976 ಮಾಡಿದ್ದೀರಿ.

ಎರಡನೇ ಚಿತ್ರ ‘ಬಿವಿಚ್ಡ್’ ಹಾಸ್ಯ ಧಾರಾವಾಹಿಯದು. ಅದೂ ಸ್ಕ್ರೀನ್ ಜೆಮ್ಸ್ ನಿರ್ಮಾಣವೇ, ಒಪ್ಪೋಣ. ಆದರೆ ಅದರ ಕೊನೆಯಲ್ಲಿ ಕಂಡದ್ದು ನಿಮ್ಮ ಧಾರಾವಾಹಿಯ ಕೊನೆಯಲ್ಲೂ ಅದೇ ರೂಪದಲ್ಲಿ ಬಂದಿತ್ತು ಎನ್ನಲು ನಿಮ್ಮ ಧಾರಾವಾಹಿಯ ಕಂತನ್ನೇ ತೋರಿಸಬೇಕು. ಹಳೆಯ ಕಾರ್ಯಕ್ರಮಗಳ ಮರುಪ್ರಸಾರದ ಪ್ರತಿಗಳನ್ನು ನಂಬುವ ಮುನ್ನವೂ ಯೋಚಿಸಿ. ಹಕ್ಕು ಪಡೆದವರು ಹಳೆಯ ಲೋಗೊ ಕತ್ತರಿಸಿ ತಮ್ಮದನ್ನು ಅಂಟಿಸುವುದು ಮಾಮೂಲು. ಎಪ್ಪತ್ತರ ದಶಕದ ಕಂತಿನ ಕೊನೆಗೆ ಸೋನಿ ಕಂಡರೆ ಅದು ಹೀಗೆ ಬಂದದ್ದು.

ವರ್ಣನೆಯ ವಿಚಾರ. 1965ರ ಸ್ಕ್ರೀನ್ ಜೆಮ್ಸ್ ಲೋಗೊ ಬಗ್ಗೆ ನೀವು ಬರೆದದ್ದು ‘ಅತ್ಯಂತ ಆಕರ್ಷಕವಾಗಿ ಜನಮನ ಸೂರೆಗೊಂಡಿತು’ ಎಂದು. ಓದುಗರಿಗೆ ಏನೂ ಕಾಣಲಿಲ್ಲ. ಹೀಗೆ ಬರೆಯಬಹುದಿತ್ತು: ‘ಹಳದಿ ನೆಲ. ಕೆಂಪು ಪಟ್ಟಿಗಳು ನಡುವಿನ ಚುಕ್ಕಿಯ ಸುತ್ತ ಬಾಗಿ ಇಂಗ್ಲಿಷಿನ ಎಸ್ ಆಗುತ್ತವೆ. ಕೆಳಗೆ ಸಂಸ್ಥೆಯ ಹೆಸರು. ಹಿನ್ನೆಲೆಗೆ ಸಂಗೀತಗಾರ ಎರಿಕ್ ಸಿಡೇ ಸಿಂಥಸೈಜರ್‌ನಲ್ಲಿ ಮಾಡಿದ ಪುಟ್ಟ ಸ್ವರಗುಚ್ಛ.’ ಆ ಸದ್ದಿಗೆ ಅಮೆರಿಕದಲ್ಲಿ ಎಷ್ಟೋ ಮಕ್ಕಳು ಹೆದರಿಕೊಳ್ಳುತ್ತಿದ್ದರು. ಅದರ ಮೇಲೆ 2010ರಲ್ಲಿ ಒಂದು ಕಿರುಚಿತ್ರವೇ ಬಂತು. ಜನಮನ ಸೂರೆಗೊಂಡದ್ದು ಹೀಗೆ! ನೆಲ, ಆಕಾರ, ಚಲನೆ, ಅಕ್ಷರ, ಸದ್ದು, ಅವಧಿ: ಈ ಕ್ರಮದಲ್ಲಿ ಬರೆದರೆ ಸಾಕು, ವಿಶೇಷಣ ಬೇಡ.

ಅವಧಿ ಅಳೆಯುವಾಗ ಫ್ರೇಮ್ (ವಿಡಿಯೊದ ಒಂದೊಂದು ಬಿಡಿ ಚಿತ್ರ) ಎಣಿಸಬೇಡಿ, ಸೆಕೆಂಡು ಬರೆಯಿರಿ. ಅಮೆರಿಕದ ಎನ್‌ಟಿಎಸ್‌ಸಿ ಎಂಬ ಟಿವಿ ಪ್ರಸಾರ ಪದ್ಧತಿಯಲ್ಲಿ ಸೆಕೆಂಡಿಗೆ 29.97 ಫ್ರೇಮ್, ನಮ್ಮ ಪಾಲ್ ಪದ್ಧತಿಯಲ್ಲಿ 25. ಪರಿವರ್ತಿಸಿದ ಪ್ರತಿಯಲ್ಲಿ ಸೆಕೆಂಡು ಬದಲಾಗುವುದಿಲ್ಲ, ಫ್ರೇಮ್ ಸಂಖ್ಯೆ ಬದಲಾಗುತ್ತದೆ. ಎರಡು ಫ್ರೇಮ್ ಒಂದರೊಳಗೊಂದು ಬೆರೆತು ಜೋಡಿ ಅಂಚು ಕಾಣುವುದೂ ಉಂಟು. ನಾಲ್ಕನೇ ಚಿತ್ರದಲ್ಲಿ ನೀವು ‘ನೆರಳಿನ ವಿನ್ಯಾಸ’ ಎಂದಿರುವುದು ಅದೇ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ನಿಲ್ಲಿಸಿ ಇಂಗ್ಲಿಷಿನ ‘ಇ’ ಕೀಲಿ ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಮುಂದಕ್ಕೆ ಬರುತ್ತದೆ. ಚಲಿಸುವ ಆಕಾರದ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಬಂದರೆ ಆ ಗೆರೆಗಳನ್ನು ತೆಗೆಯುವ ಡಿಇಂಟರ್‌ಲೇಸ್ ಆಯ್ಕೆ ಆನ್ ಮಾಡಿ ಮತ್ತೆ ಹಿಡಿಯಿರಿ. ವಿಎಚ್‌ಎಸ್ ಕ್ಯಾಸೆಟ್ ಪ್ರತಿಯ ತಳದಲ್ಲಿ ಕುಣಿಯುವ ಬಿಳಿ ಪಟ್ಟಿಯೂ ಲೋಗೊದ ಭಾಗವಲ್ಲ. ಹಳೆಯ ಟಿವಿಗಳು ಚಿತ್ರದ ಅಂಚನ್ನು ನುಂಗುತ್ತಿದ್ದುದರಿಂದ ಮನೆಯಲ್ಲಿ ನೋಡಿದವರಿಗೆ ಅದು ಕಾಣುತ್ತಿರಲಿಲ್ಲ. ಹೆಸರು ಯಾವಾಗಲೂ ನಡುವೆ, ಅಂಚಿನಿಂದ ದೂರ ಇರುತ್ತಿದ್ದುದೂ ಅದಕ್ಕೇ.

ತೊಂಬತ್ತರ ದಶಕದ ಭಾಗ ತೀರಾ ತೆಳುವಾಗಿದೆ. 1994ರಲ್ಲಿ ಎನ್‌ಬಿಸಿ ತನ್ನ ಸಂಜೆಯ ಕಾರ್ಯಕ್ರಮಗಳಲ್ಲಿ ಕೊನೆಯ ಹೆಸರುಗಳನ್ನು ಒಂದು ಪಕ್ಕಕ್ಕೆ ಒತ್ತರಿಸಿ ಉಳಿದ ಜಾಗದಲ್ಲಿ ಜಾಹೀರಾತು ಓಡಿಸತೊಡಗಿತು. ಆಮೇಲೆ ಬೇರೆ ಚಾನೆಲ್‌ಗಳೂ ಅದೇ ದಾರಿ ಹಿಡಿದವು. ಲೋಗೊದ ಸದ್ದಿನ ಮೇಲೆ ಪ್ರೋಮೊದ ಸದ್ದು ಬಂದು ಕೂತಿತು. ನಿಮ್ಮ ಧಾರಾವಾಹಿಯ ಕಂತುಗಳಲ್ಲಿ ಇದು ಯಾವ ದಿನಾಂಕದಿಂದ ಕಾಣುತ್ತದೆ ಎಂದು ಹುಡುಕಿ. ಒಳ್ಳೆಯ ಅಧ್ಯಾಯ ಸಿಗುವುದು ಅಲ್ಲಿಯೇ. 2022ರ ಸೆಪ್ಟೆಂಬರ್ 12ರಿಂದ ಧಾರಾವಾಹಿ ಪೀಕಾಕ್ ಎಂಬ ಸ್ಟ್ರೀಮಿಂಗ್ ಸೇವೆಗೆ ಹೋಗಿದೆ, ಅದಕ್ಕೆ ಒಂದು ಸಾಲು ಸಾಕು.

ಮಂಡ್ಯ, ಮೈಸೂರಿನ ಕೇಬಲ್‌ನಲ್ಲಿ ಜನ ಈ ಧಾರಾವಾಹಿ ನೋಡಿದರು ಎಂಬ ಸಾಲೂ ನಿಲ್ಲುವುದಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಸ್ಟಾರ್ ಪ್ಲಸ್ ತೋರಿಸಿದ್ದು ‘ದ ಬೋಲ್ಡ್ ಅಂಡ್ ದ ಬ್ಯೂಟಿಫುಲ್’, ‘ಸಾಂಟಾ ಬಾರ್ಬರಾ’. ಅವುಗಳ ನಿರ್ಮಾಪಕರೇ ಬೇರೆ.

ಈಗಿನ ಉದ್ದದ ಅರ್ಧಕ್ಕೆ ಇಳಿಸಿ, ಐದು ಚಿತ್ರ ಮಾತ್ರ ಕಳಿಸಿ. ಪ್ರತಿ ಚಿತ್ರದ ಕೆಳಗೆ ಪ್ರಸಾರ ದಿನಾಂಕ ಮತ್ತು ಪ್ರತಿ ಎಲ್ಲಿಂದ ಬಂತು ಎಂಬುದು ಇರಲಿ. ಅಂಚು ಕತ್ತರಿಸದೆ, ಬಣ್ಣ ತಿದ್ದದೆ, ಪಿಎನ್‌ಜಿ ರೂಪದಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗಿ ಸಣ್ಣ ಅಕ್ಷರ ಕಲಸಿಹೋಗುತ್ತದೆ, ಮೇಲ್ ಮಾಡಿ.