ಹಾಡು ಗೊತ್ತಿಲ್ಲದವರೂ ನುಡಿಸುವ ಹಾಗೆ ಕಾರ್ಡ್ ಚಾರ್ಟ್ ಬರೆಯುವುದು ಹೇಗೆ?

ಸುಗಮ ಸಂಗೀತದ ತಂಡಕ್ಕೆ ಸಾಹಿತ್ಯದ ಮೇಲೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬರೆದು ಕೊಡುತ್ತೀರಿ. ಆದರೂ ಗಿಟಾರಿನವರು ಒಂದು ಕಡೆ, ಕೀಬೋರ್ಡಿನವರು ಇನ್ನೊಂದು ಕಡೆ ಕಾರ್ಡ್ ಬದಲಿಸುತ್ತಾರೆ, ಯಾಕೆ ಅಂತ ಕೇಳಿದ್ದೀರಿ. ಅವರದ್ದೇನೂ ತಪ್ಪಿಲ್ಲ. ಸಾಹಿತ್ಯದ ಮೇಲೆ ಬರೆದದ್ದರಲ್ಲೇ ಎಡವಟ್ಟಾಗಿದೆ.

ನಾನು ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ. ವರ್ಷಗಟ್ಟಲೆ ಹಾಗೇ ಬರೆಯುತ್ತಿದ್ದೆ. ಒಂದು ಗಣೇಶೋತ್ಸವದ ದಿನ ನಮ್ಮ ಗಿಟಾರಿಸ್ಟ್‌ಗೆ ಜ್ವರ ಬಂತು. ಬದಲಿಗೆ ಬಂದ ಹುಡುಗನ ಕೈ ಚೆನ್ನಾಗಿತ್ತು, ಆದರೆ ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಹೇಗೋ ಪಲ್ಲವಿ ದಾಟಿದ. ಬಿಜಿಎಂ, ಅಂದರೆ ಹಾಡಿನ ನಡುವಿನ ವಾದ್ಯಸಂಗೀತ, ಶುರುವಾದ ತಕ್ಷಣ ನನ್ನ ಮುಖ ನೋಡಿದ. ಅಲ್ಲಿ ಸಾಹಿತ್ಯವೇ ಇಲ್ಲ ನೋಡಿ, ಹಾಗಾಗಿ ನಾನು ಕಾರ್ಡೂ ಬರೆದಿರಲಿಲ್ಲ!

ಅವತ್ತಿನಿಂದ ನಾನು ತಾಳಕ್ಕೆ ಬರೆಯುತ್ತೇನೆ. ಒಂದು ಸಾಲಿಗೆ ನಾಲ್ಕೇ ಬಾರ್ (ಬಾರ್ ಅಂದರೆ ತಾಳದ ಒಂದು ಸುತ್ತು): ಸಿ | ಎ ಮೈನರ್ | ಎಫ್ | ಜಿ. ಹಾಡು ದಾದ್ರಾ ತಾಳದಲ್ಲಿದ್ದರೆ ಒಂದು ಬಾರ್ ಅಂದರೆ 6 ಮಾತ್ರೆ (ತಾಳದ ಎಣಿಕೆ), ಕೆಹರ್ವಾ ಆದರೆ 8. ಒಂದೇ ಬಾರ್‌ನಲ್ಲಿ ಎರಡು ಕಾರ್ಡ್ ಬಂದರೆ ಅಡಿಯಲ್ಲಿ ಗೆರೆ ಎಳೆದು, ಯಾವುದಕ್ಕೆ ಎಷ್ಟು ಮಾತ್ರೆ ಅಂತ ಸಣ್ಣದಾಗಿ ಹಾಕುತ್ತೇನೆ. ತಬಲಾದವರು ದಾದ್ರಾ ಅಂತಾರೆ, ಡ್ರಮ್ಸ್‌ನವರು ಸಿಕ್ಸ್ ಏಟ್ ಅಂತಾರೆ. ಮೇಲೆ ಎರಡನ್ನೂ ಬರೆದರೆ ಜಗಳ ಇಲ್ಲ.

ಇದರಿಂದ ಎತ್ತುಗಡೆಯ (ಹಾಡು ಎತ್ತಿಕೊಳ್ಳುವ ಜಾಗದ) ಗೊಂದಲವೂ ತಪ್ಪುತ್ತದೆ. ನಮ್ಮ ಎಷ್ಟೋ ಹಾಡುಗಳಲ್ಲಿ ಮೊದಲ ಅಕ್ಷರ ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬೀಳುವುದಿಲ್ಲ. ತಾಳ ಶುರುವಾಗಿ ಒಂದೂವರೆ ಮಾತ್ರೆ ಆದ ಮೇಲೆ ಗಾಯಕರು ಬಾಯಿ ತೆರೆಯುತ್ತಾರೆ. ಮೊದಲ ಅಕ್ಷರದ ಮೇಲೆ ಸಿ ಅಂತ ಬರೆದರೆ ಒಬ್ಬರು ಸಮಕ್ಕೇ ಹೊಡೆಯುತ್ತಾರೆ, ಇನ್ನೊಬ್ಬರು ಅಕ್ಷರಕ್ಕೆ ಕಾಯುತ್ತಾರೆ. ನಿಮ್ಮ ತಂಡದಲ್ಲಿ ಆಗುತ್ತಿರುವುದು ಬಹುಶಃ ಇದೇ.

ಹಾಗಂತ ಸಾಹಿತ್ಯವನ್ನು ಪೂರ್ತಿ ಬಿಡಬೇಡಿ. ಪ್ರತಿ ಭಾಗದ ಮೊದಲ ಎರಡು ಪದ ಸಾಕು. ಪಲ್ಲವಿ, ಬಿಜಿಎಂ 1, ಚರಣ 1 ಅಂತ ಎಡಗಡೆ ದಪ್ಪಗೆ ಬರೆದು, ಪಕ್ಕದಲ್ಲಿ ಎಷ್ಟು ಸಲ ಅಂತ ಹಾಕಿ. ಎರಡನೇ ಚರಣ ಮೊದಲನೆಯದರ ಹಾಗೇ ಇದ್ದರೆ ಸುಮ್ನೆ ಮತ್ತೆ ಬರೆಯಬೇಡಿ. ಒಂದು ಹಾಡು ಒಂದೇ ಪುಟದಲ್ಲಿ ಮುಗಿಯಬೇಕು. ನುಡಿಸುವವರಿಗೆ ಪುಟ ತಿರುಗಿಸಲು ಮೂರನೇ ಕೈ ಇಲ್ಲ ಅಲ್ವಾ?

ಇನ್ನು ಶ್ರುತಿ. ಅದರ ಎತ್ತರವನ್ನು ನಾವು 'ಮನೆ' ಲೆಕ್ಕದಲ್ಲಿ ಹೇಳುತ್ತೇವೆ. ಗಾಯಕಿ ಬಂದು 'ಇವತ್ತು ಗಂಟಲು ಸರಿಯಿಲ್ಲ, ಎರಡೂವರೆ ಮನೆಗೆ ಹಾಡ್ತೀನಿ' ಅಂದರೆ ಸಿ ಸ್ಕೇಲಿನ ಚಾರ್ಟ್ ಏನಾಗಬೇಕು? ಅದಕ್ಕೇ ನಾನು ಈಗ ಅಂಕಿಯಲ್ಲೇ ಬರೆಯುವುದು ಜಾಸ್ತಿ: 1 | 6 ಮೈನರ್ | 4 | 5. 1950ರ ದಶಕದ ಕೊನೆಯಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಜಾರ್ಡನೇರ್ಸ್ ಗಾಯಕರ ತಂಡದ ನೀಲ್ ಮ್ಯಾಥ್ಯೂಸ್ ಈ ಪದ್ಧತಿ ಶುರುಮಾಡಿದರು. ಅಲ್ಲಿನ ಸ್ಟುಡಿಯೋಗಳಲ್ಲಿ ಇವತ್ತಿಗೂ ಇದೇ ನಡೆಯುತ್ತದೆ. ನಮಗೆ ಇದು ಹೊಸದೇನಲ್ಲ. ಯಾವ ಮನೆಗೆ ಹಾಡಿದರೂ ಸ ಸ-ನೇ. ಅದನ್ನೇ 1 ಅಂದುಕೊಂಡರೆ ಮ ಅಂದರೆ 4, ಪ ಅಂದರೆ 5. ಎರಡೂವರೆ ಮನೆ ಅಂದರೆ ಡಿ ಶಾರ್ಪ್. ಗಿಟಾರಿನವರು ಮೂರನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಸಿ, ಎ ಮೈನರ್, ಎಫ್, ಜಿ ಹಿಡಿದರೆ ಆಯಿತು. ಅಂಕಿ ಅಭ್ಯಾಸವಿಲ್ಲದವರಿದ್ದರೆ ಮಾತ್ರ ಬಲವಂತ ಬೇಡ, ಅವರಿಗೆ ಕಾರ್ಡ್ ಹೆಸರು ಬರೆದ ಬೇರೆ ಪ್ರತಿ ಕೊಡಿ.

ಕಪ್ಪು ಮಾರ್ಕರ್‌ನಲ್ಲೇ ಬರೆಯಿರಿ. ವೇದಿಕೆಯ ಕೆಂಪು ಲೈಟಿನಡಿ ಕೆಂಪು ಇಂಕು ಕಾಣುವುದೇ ಇಲ್ಲ. ಮುಖ್ಯ ಅಂತ ನಾನು ಕೆಂಪಲ್ಲಿ ಬರೆದಿದ್ದ ಬ್ರೇಕ್ ಒಮ್ಮೆ ಹೀಗೇ ಮಾಯವಾಗಿತ್ತು, ಎಲ್ಲರೂ ನಿಲ್ಲಿಸಿದಾಗ ನಾನೊಬ್ಬನೇ ನುಡಿಸುತ್ತಿದ್ದೆ. ಬಯಲಿನ ಕಾರ್ಯಕ್ರಮ ಆದರೆ ಗಾಳಿಗೆ ಪುಟ ಹಾರದಂತೆ ಬಟ್ಟೆ ಒಣಗಿಸುವ ಕ್ಲಿಪ್ಪು ನಾಲ್ಕು ಜೇಬಿನಲ್ಲಿರಲಿ.