ಓದುಗರ ಪ್ರಶ್ನೆ: ಜೈಲಿಗೆ ಕಳಿಸದೆ ತಿದ್ದಬಹುದೇ?

ಮೂವತ್ತೊಂದು ವರ್ಷ ಪ್ರೊಬೇಷನ್ ಅಧಿಕಾರಿಯಾಗಿದ್ದು ನಿವೃತ್ತಳಾದವಳು ನಾನು. ಪ್ರೊಬೇಷನ್ ಅಂದರೆ ತಪ್ಪಿತಸ್ಥರನ್ನು ಜೈಲಿಗೆ ಕಳಿಸದೆ ಷರತ್ತಿನ ಮೇಲೆ ಹೊರಗೇ ಬಿಡುವುದು. ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಉತ್ತರಿಸಿದ್ದೇನೆ. ಬರೆದವರ ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಇಪ್ಪತ್ತು ವರ್ಷ. ಇಬ್ಬರು ಸ್ನೇಹಿತರ ಜೊತೆ ಸೇರಿ ಗೋದಾಮಿನಿಂದ ಎರಡು ಚೀಲ ಕೊಬ್ಬರಿ ಕದ್ದ. ಇಪ್ಪತ್ತೆರಡು ದಿನ ಜೈಲಲ್ಲಿದ್ದು ಜಾಮೀನಿನ ಮೇಲೆ ಬಂದ. ಹಿಂದೆ ಯಾವ ಕೇಸೂ ಇಲ್ಲ. ಇನ್ನೇನು ತೀರ್ಪು ಬರುವುದಿದೆ. ಶಿಕ್ಷೆ ಆಗೇ ಆಗುತ್ತೆ, ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂತಾರೆ ವಕೀಲರು. ಬೇರೆ ದಾರಿಯೇ ಇಲ್ಲವೇ?
– ಒಬ್ಬ ತಾಯಿ, ತಿಪಟೂರು

ತಾಯಿ, ದಾರಿ ಇದೆ. ಯಾರ ಕಾಲಿಗೂ ಬೀಳಬೇಕಿಲ್ಲ, ಕಾನೂನಿನಲ್ಲೇ ಬರೆದಿದೆ.

1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆ ಅಂತ ಒಂದಿದೆ. ಅದರ 6ನೇ ಕಲಂ ಪ್ರಕಾರ 21 ವರ್ಷ ತುಂಬದವರು ತಪ್ಪಿತಸ್ಥರೆಂದು ತೀರ್ಮಾನವಾದರೂ ಅವರನ್ನು ಸುಮ್ಮನೆ ಜೈಲಿಗೆ ಹಾಕುವಂತಿಲ್ಲ. ಮೊದಲು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿ ನೋಡಬೇಕು. ಜೈಲೇ ಬೇಕು ಅನಿಸಿದರೆ ಯಾಕೆ ಎಂಬ ಕಾರಣವನ್ನು ನ್ಯಾಯಾಧೀಶರು ಬರೆದಿಡಬೇಕು. ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಕ್ಕೆ ಇದು ಅನ್ವಯಿಸದು. ಗೋದಾಮಿನ ಕಳವಿಗೆ ಇರುವುದು ಹೆಚ್ಚೆಂದರೆ 7 ವರ್ಷ. ರಾತ್ರಿ ಬೀಗ ಒಡೆದ ಆರೋಪವೂ ಸೇರಿದ್ದರೆ ವರ್ಷ ಹೆಚ್ಚಾಗುತ್ತದೆ, ಜೀವಾವಧಿ ಆಗುವುದಿಲ್ಲ. ನಿಮ್ಮ ಮಗ ಈ ಕಲಮಿನ ಒಳಗೇ ಬರುತ್ತಾನೆ.

ಒಂದು ವಿಷಯ ತುರ್ತಾಗಿ ನೋಡಿ. ಅವನಿಗೆ 21 ತುಂಬುವುದು ಯಾವಾಗ ಎಂದು ನೀವು ಬರೆದಿಲ್ಲ. ಕದ್ದ ದಿನದ ವಯಸ್ಸು ಇಲ್ಲಿ ಲೆಕ್ಕಕ್ಕಿಲ್ಲ. ವಿಚಾರಣಾ ನ್ಯಾಯಾಲಯ ತಪ್ಪಿತಸ್ಥನೆಂದು ತೀರ್ಮಾನಿಸಿ ಶಿಕ್ಷೆಯ ಮಾತೆತ್ತುವ ದಿನದ ವಯಸ್ಸೇ ಲೆಕ್ಕ ಎಂದು ಸುಪ್ರೀಂ ಕೋರ್ಟ್ ದಶಕಗಳ ಹಿಂದೆಯೇ ಹೇಳಿದೆ. ಹುಟ್ಟಿದ ದಿನ ಹತ್ತಿರವಿದ್ದರೆ ನಿಮ್ಮ ಕಡೆಯಿಂದ ವಾಯಿದೆ ಕೇಳಬೇಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ವಕೀಲರ ಕೈಗೆ ಈಗಲೇ ಕೊಡಿ, 6ನೇ ಕಲಂ ಕೆಳಗೆ ವರದಿ ತರಿಸಬೇಕೆಂದು ಬರವಣಿಗೆಯಲ್ಲಿ ಕೇಳಲು ಹೇಳಿ. ಬಾಯಲ್ಲಿ ಹೇಳಿದ್ದು ದಿನದ ಗದ್ದಲದಲ್ಲಿ ಕಳೆದುಹೋಗುತ್ತದೆ, ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ. 21 ದಾಟಿದರೂ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. 4ನೇ ಕಲಂ ಕೆಳಗೆ ಮುಚ್ಚಳಿಕೆ (ಒಳ್ಳೆಯ ನಡತೆಯಿಂದ ಇರುತ್ತೇನೆಂಬ ಬರವಣಿಗೆಯ ಮಾತು) ಬರೆಸಿಕೊಂಡು ಬಿಡುವ ಅಧಿಕಾರ ಆಗಲೂ ನ್ಯಾಯಾಲಯಕ್ಕಿರುತ್ತದೆ.

ಆಮೇಲೆ ಅಧಿಕಾರಿ ನಿಮ್ಮ ಮನೆಗೆ ಬರುತ್ತಾರೆ. ಮನೆ ಸಾರಿಸಿ ರಂಗೋಲಿ ಹಾಕಿ ಕಾಯಬೇಕಾಗಿಲ್ಲ. ‘ನನ್ನ ಮಗ ಚಿನ್ನದಂಥವನು, ಕೆಟ್ಟವರು ಸೇರಿಕೊಂಡು ಕೆಡಿಸಿದರು’ ಎಂದು ನೂರಾರು ತಾಯಂದಿರು ನನಗೆ ಹೇಳಿದ್ದಾರೆ. ಅದನ್ನು ಕೇಳಿಕೊಂಡು ಪಕ್ಕದ ಮನೆಗೆ, ಅವನು ಟೀ ಕುಡಿಯುವ ಅಂಗಡಿಗೆ, ಕೆಲಸ ಕೊಟ್ಟಿದ್ದ ಮೇಸ್ತ್ರಿಯ ಬಳಿಗೆ ಹೋಗುತ್ತಿದ್ದೆ. ಎರಡೂ ಕಡೆಯ ಮಾತು ತಾಳೆಯಾಗದಿದ್ದರೆ ವರದಿಯ ತೂಕ ಇಳಿಯುತ್ತಿತ್ತು. ಕುಡಿಯುತ್ತಾನಾದರೆ ಕುಡಿಯುತ್ತಾನೆ ಅನ್ನಿ. ಆ ಇಬ್ಬರು ಸ್ನೇಹಿತರು ಈಗಲೂ ಮನೆಗೆ ಬರುತ್ತಾರಾದರೆ ಅದನ್ನೂ ಹೇಳಿ. ಜೊತೆಗೆ, ಬೆಳಿಗ್ಗೆ ಎದ್ದು ಅವನು ಎಲ್ಲಿಗೆ ಹೋಗುತ್ತಾನೆ, ಯಾರ ಮಾತಿಗೆ ತಲೆಬಾಗುತ್ತಾನೆ ಅನ್ನುವುದನ್ನು ಹೇಳಿ. ಸೋದರಮಾವನೋ ದೊಡ್ಡಪ್ಪನೋ ಜವಾಬ್ದಾರಿ ಹೊರಲು ತಯಾರಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ವರದಿ ಗೋಪ್ಯವಾಗಿರುತ್ತದೆ, ಊರಲ್ಲಿ ಯಾರೂ ಅದನ್ನು ಓದುವುದಿಲ್ಲ.

ಬಿಡುಗಡೆಯಾದರೆ ಮುಚ್ಚಳಿಕೆಯ ಅವಧಿ ಗರಿಷ್ಠ 3 ವರ್ಷ. ಮೇಲ್ವಿಚಾರಣೆಗೆ ಆದೇಶವಾದರೆ ಅದು ಕನಿಷ್ಠ 1 ವರ್ಷ. ಷರತ್ತು ಮುರಿದರೆ ಇದೇ ಕೊಬ್ಬರಿ ಕೇಸಿನಲ್ಲಿ ಶಿಕ್ಷೆ ವಿಧಿಸಬಹುದು. ಇದನ್ನು ಅವನನ್ನು ಕೂರಿಸಿ ಬಿಡಿಸಿ ಹೇಳಿ. ಊಟ ಬಿಟ್ಟಿದ್ದರೆ, ಮಾತು ಬಿಟ್ಟಿದ್ದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ವೈದ್ಯರಿಗೆ ತೋರಿಸಿ. ತೀರ್ಪಿಗಾಗಿ ಕಾಯುತ್ತ ಕೂರಬೇಡಿ.

ಪ್ರಶ್ನೆ: ನನ್ನ ಅಂಗಡಿಯ ಶಟರ್ ಎತ್ತಿ ಮೊಬೈಲುಗಳನ್ನು ಕದ್ದವನನ್ನು ‘ಒಳ್ಳೆಯ ನಡತೆ’ ಅಂತ ಬಿಟ್ಟು ಕಳಿಸಿದರು. ಅವನ ನಡತೆ ಒಳ್ಳೆಯದಾಗಿದ್ದರೆ ನನ್ನ ಅಂಗಡಿಗೆ ಯಾಕೆ ಬರುತ್ತಿದ್ದ? ನನ್ನ ನಷ್ಟ ಯಾರು ಕೊಡಬೇಕು?
– ವ್ಯಾಪಾರಿ, ಗದಗ

ಯಜಮಾನರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಬಿಡುಗಡೆಯ ಹೊತ್ತಿನಲ್ಲಿ ನಿಮ್ಮನ್ನು ಯಾರೂ ಕರೆದು ಕೇಳದಿದ್ದರೆ ಅದು ತಪ್ಪು. ಅದೇ ಕಾಯ್ದೆಯ 5ನೇ ಕಲಂ, ಬಿಡುಗಡೆ ಮಾಡುವಾಗಲೇ ನಷ್ಟ ಪರಿಹಾರ ಮತ್ತು ಖರ್ಚು ಕೊಡುವಂತೆ ಆದೇಶಿಸಲು ಅವಕಾಶ ಕೊಟ್ಟಿದೆ. ಅಂಗಡಿಯ ಬಿಲ್ಲು, ಸ್ಟಾಕ್ ಪುಸ್ತಕ ಹಿಡಿದು ಸರ್ಕಾರಿ ವಕೀಲರನ್ನು ಕಾಣಿ. ನಿಮ್ಮ ಪ್ರಕರಣದಲ್ಲಿ ಇನ್ನೂ ಏನು ಕೇಳಬಹುದೆಂದು ಅವರು ಕಡತ ನೋಡಿ ಹೇಳಬೇಕು.

ಪ್ರೊಬೇಷನ್ ಮೇಲೆ ನನ್ನ ಮೇಲ್ವಿಚಾರಣೆಯಲ್ಲಿದ್ದ ಒಬ್ಬ ಹುಡುಗ ಪರಿಹಾರವಾಗಿ ಸೈಕಲ್ ಅಂಗಡಿಯವರೊಬ್ಬರಿಗೆ ತಿಂಗಳಿಗೆ ಐನೂರರಂತೆ ಕಟ್ಟಬೇಕಿತ್ತು. ಏಳನೇ ಕಂತು ಬರಲಿಲ್ಲ. ಹೋಗಿ ನೋಡಿದರೆ ತಾಯಿ ಆಸ್ಪತ್ರೆಯಲ್ಲಿದ್ದಳು. ಅಂಗಡಿಯವರಿಗೆ ಹೇಳಿದೆ. ಎರಡು ತಿಂಗಳು ತಡೆಯುತ್ತೇನೆ, ಮೂರನೆಯದಕ್ಕೆ ಸುಮ್ಮನಿರುವುದಿಲ್ಲ ಎಂದರು. ಮೂರನೇ ತಿಂಗಳಿಂದ ಮತ್ತೆ ಕಟ್ಟಿ ತೀರಿಸಿದ. ಅವನು ಒಳಗಿದ್ದಿದ್ದರೆ ಅವರಿಗೆ ಒಂದು ರೂಪಾಯಿಯೂ ಬರುತ್ತಿರಲಿಲ್ಲ.

ಹೆದರಿಕೆಯೇ ಇರದಿದ್ದರೆ ಮತ್ತೆ ಕದಿಯುತ್ತಾರೆ ಎಂದೂ ಬರೆದಿದ್ದೀರಿ. ಇಂಗ್ಲೆಂಡ್ ಮತ್ತು ವೇಲ್ಸಿನ ನ್ಯಾಯ ಇಲಾಖೆ 2019ರಲ್ಲಿ, ಒಂದು ವರ್ಷದೊಳಗಿನ ಜೈಲು ಶಿಕ್ಷೆ ಅನುಭವಿಸಿ ಬಂದವರನ್ನೂ ಅದೇ ಬಗೆಯ ಹಿನ್ನೆಲೆಯಿದ್ದು ಜೈಲಿಗೆ ಹೋಗದೆ ಸಮುದಾಯದಲ್ಲೇ ಶಿಕ್ಷೆ ಪೂರೈಸಿದವರನ್ನೂ ಹೋಲಿಸಿತು. ಮತ್ತೆ ಅಪರಾಧಕ್ಕಿಳಿದವರು ಜೈಲಿಗೆ ಹೋಗಿ ಬಂದವರಲ್ಲೇ ನೂರಕ್ಕೆ ಸುಮಾರು 4 ಮಂದಿ ಹೆಚ್ಚು. ಅದೇ ವರ್ಷ ಸ್ಕಾಟ್ಲೆಂಡಿನಲ್ಲಿ, ಬೇರೆ ಮಾರ್ಗವೇ ಇಲ್ಲದಿದ್ದರೆ ಮಾತ್ರ 12 ತಿಂಗಳವರೆಗಿನ ಜೈಲು ಎಂಬ ನಿಯಮ ಬಂತು. ನಮ್ಮ ಜೈಲುಗಳೂ ಹಾಗೇನೂ ಖಾಲಿ ಇಲ್ಲ. 2022ರ ಕೊನೆಗೆ ದೇಶದಲ್ಲಿ 4,36,266 ಮಂದಿಗೆ ಇದ್ದ ಜಾಗದಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ ಮುಕ್ಕಾಲು ಪಾಲು ವಿಚಾರಣಾಧೀನರು. ಮೂರು ತಿಂಗಳು ಅಲ್ಲಿದ್ದು ಬಂದ ಹುಡುಗರು ಕಲಿತು ಬಂದದ್ದೇನೆಂದು ನಾನು ಕೇಳಿ ಬರೆದುಕೊಂಡಿದ್ದೇನೆ: ಯಾವ ಬೀಗ ಹೇಗೆ ತೆರೆಯುತ್ತದೆ, ಕದ್ದ ಮಾಲು ಯಾವ ಊರಲ್ಲಿ ಸಾಗುತ್ತದೆ. ನಿಮ್ಮ ಶಟರಿನ ಸುರಕ್ಷತೆಗೂ ಇದು ಸಂಬಂಧಿಸಿದ ವಿಷಯವೇ.

ಪ್ರಶ್ನೆ: ಹೊಡೆದಾಟದ ಕೇಸಿನಲ್ಲಿ ಪ್ರೊಬೇಷನ್ ಮೇಲೆ ಬಿಡುಗಡೆಯಾಗಿದ್ದೇನೆ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದೇ?
– ಪದವೀಧರ, ರಾಯಚೂರು

ಹಾಕಿ. 12ನೇ ಕಲಂ ಪ್ರಕಾರ, ಶಿಕ್ಷೆಗೊಳಗಾದವರಿಗೆ ಕಾನೂನಿನಂತೆ ಅಂಟುವ ಅನರ್ಹತೆ ನಿಮಗೆ ಅಂಟುವುದಿಲ್ಲ. ಆದರೆ ತಪ್ಪಿತಸ್ಥರೆಂಬ ತೀರ್ಪು ಅಳಿಸಿಹೋಗಿಲ್ಲ. ಕೆಲಸಕ್ಕಾಗಿ ತುಂಬುವ ದೃಢೀಕರಣ ನಮೂನೆಯಲ್ಲಿ ಕೇಸಿನ ಬಗ್ಗೆ ಕೇಳಿದ್ದರೆ ಇದ್ದದ್ದನ್ನು ಇದ್ದಂತೆ ಬರೆಯಿರಿ. ಮುಚ್ಚಿಟ್ಟದ್ದು ಗೊತ್ತಾದರೆ ಅದೇ ಒಂದು ಕಾರಣವಾಗಿ ಕೆಲಸ ಹೋಗಬಹುದು. ಆದೇಶದ ದೃಢೀಕೃತ ಪ್ರತಿ ತೆಗೆಸಿ ಜೋಪಾನವಾಗಿಟ್ಟುಕೊಳ್ಳಿ.

ಪ್ರಶ್ನೆ: ಮೇಡಂ, ನಾನು ಈ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ವಾರಕ್ಕೊಮ್ಮೆ ಎಲ್ಲರನ್ನೂ ಕರೆದು ಪುಸ್ತಕದಲ್ಲಿ ಸಹಿ ಹಾಕಿಸಿ ಕಳಿಸುತ್ತೇವೆ. ಪುರಾವೆ ಆಧರಿಸಿದ ಪ್ರೊಬೇಷನ್, ಅಂದರೆ ಅಧ್ಯಯನಗಳಲ್ಲಿ ಫಲ ಕೊಟ್ಟ ವಿಧಾನವನ್ನೇ ಹಿಡಿಯುವುದು, ಅದರ ಬಗ್ಗೆ ಓದುತ್ತಿದ್ದೇನೆ. ಅದು ನಮ್ಮ ತಾಲ್ಲೂಕಿಗೆ ಆಗಿಬರುವ ಮಾತೇ?
– ಯುವ ಅಧಿಕಾರಿ

ತಂಗೀ, ನಿನ್ನ ಪತ್ರ ಎರಡು ದಿನ ನನ್ನ ಮೇಜಿನ ಮೇಲೇ ಇತ್ತು. ನಾನು ಮಾಡಿದ ಒಂದು ತಪ್ಪನ್ನು ನಿನಗೆ ಹೇಳಲೇಬೇಕು.

ಸೇರಿದ ಎರಡನೇ ವರ್ಷ. ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ, ಒಂದೇ ಒಂದು ಸಲ ಎಡವಿದವನು. ಪ್ರತಿ ಸೋಮವಾರ ಹನ್ನೊಂದಕ್ಕೆ ಕಚೇರಿಗೆ ಬರಬೇಕೆಂದೆ. ಬಸ್ಸಿನಲ್ಲಿ ಬಂದು, ಕಾದು, ಸಹಿ ಹಾಕಿ ಹೋಗುವಷ್ಟರಲ್ಲಿ ಅವನ ದಿನ ಮುಗಿಯುತ್ತಿತ್ತು. ಒಂದು ಸೋಮವಾರವೂ ತಪ್ಪಿಸಲಿಲ್ಲ, ನನಗೆ ಬಹಳ ಸಂತೋಷ. ಮೂರನೇ ತಿಂಗಳು ಗ್ಯಾರೇಜಿನವರು ಅವನನ್ನು ಬಿಡಿಸಿದರು. ಕೆಲಸವಿಲ್ಲದವನು ಸಂತೆ ಮೈದಾನದಲ್ಲಿ ಇಸ್ಪೀಟು ಆಡುವವರ ಜೊತೆ ಕೂರತೊಡಗಿದ. ಅವನನ್ನು ಅಲ್ಲಿಗೆ ತಳ್ಳಿದ್ದು ನನ್ನ ಸೋಮವಾರ.

ಬಹಳ ವರ್ಷಗಳ ನಂತರ ಕೆನಡಾದ ಸಂಶೋಧಕರಾದ ಆಂಡ್ರ್ಯೂಸ್, ಬಾಂಟಾ ಮತ್ತು ಹೋಗ್ 1990ರಲ್ಲಿ ಬರೆದದ್ದನ್ನು ಓದಿದೆ. ಮತ್ತೆ ಅಪರಾಧಕ್ಕಿಳಿಯುವ ಅಪಾಯ ಹೆಚ್ಚಿರುವವನ ಮೇಲೆ ಹೆಚ್ಚು ಹೊತ್ತು ಹಾಕಬೇಕು, ಕಡಿಮೆ ಇರುವವನನ್ನು ಅವನ ಕೆಲಸಕ್ಕೆ ಬಿಡಬೇಕು. ಅಪರಾಧಕ್ಕೆ ನೂಕುವ ಕಾರಣ ಯಾವುದೋ ಅದನ್ನೇ ಹಿಡಿಯಬೇಕು: ಕುಡಿತ, ಸಹವಾಸ, ಕೆಲಸವಿಲ್ಲದಿರುವುದು, ‘ಅವರು ದುಡ್ಡಿರೋರು, ಕದ್ದರೇನು’ ಅನ್ನುವ ಯೋಚನೆ. ಅವನಿಗೆ ಅರ್ಥವಾಗುವ ರೀತಿಯಲ್ಲಿ ಮಾತಾಡಬೇಕು. ಓದುತ್ತ ಆ ಗ್ಯಾರೇಜಿನ ಹುಡುಗನ ಮುಖ ಕಣ್ಣ ಮುಂದೆ ಬಂತು.

ಬಾಂಟಾ ಮತ್ತು ಸಂಗಡಿಗರು ಮುಂದೆ ಪ್ರೊಬೇಷನ್ ಅಧಿಕಾರಿಗಳ ಮಾತುಕತೆಯನ್ನೇ ಧ್ವನಿಮುದ್ರಿಸಿ ಕೇಳಿದರು. ಷರತ್ತಿನ ಮಾತೇ ಜಾಸ್ತಿ, ಆ ಮನುಷ್ಯನ ಯೋಚನೆಯ ಮಾತು ಕಡಿಮೆ. ಒಂದು ಗುಂಪಿನ ಅಧಿಕಾರಿಗಳಿಗೆ ತರಬೇತಿ ಕೊಟ್ಟು, ಇನ್ನೊಂದು ಗುಂಪಿನೊಡನೆ ಹೋಲಿಸಿ 2011ರಲ್ಲಿ ಪ್ರಕಟಿಸಿದರು. ತರಬೇತಿ ಪಡೆದವರ ಕೈಕೆಳಗಿದ್ದವರಲ್ಲಿ ಎರಡು ವರ್ಷದೊಳಗೆ ಮತ್ತೆ ಶಿಕ್ಷೆಗೊಳಗಾದವರು ನೂರಕ್ಕೆ ಸುಮಾರು 25, ಉಳಿದವರಲ್ಲಿ ಸುಮಾರು 40. ಅಧ್ಯಯನ ಚಿಕ್ಕದು, ಆದರೂ ಆ ಅಂತರವನ್ನು ನಾನು ಕಡೆಗಣಿಸಲಾರೆ. ಅತ್ತ ಇಂಗ್ಲೆಂಡಿನಲ್ಲಿ 2014ರಲ್ಲಿ ಈ ಕೆಲಸದ ದೊಡ್ಡ ಪಾಲನ್ನು ಖಾಸಗಿ ಕಂಪನಿಗಳಿಗೆ ಕೊಟ್ಟರು. ಕೆಲವೆಡೆ ಆರು ವಾರಕ್ಕೊಂದು ಫೋನ್ ಕರೆಯೇ ಮೇಲ್ವಿಚಾರಣೆ ಅನಿಸಿಕೊಂಡಿತು. 2021ರಲ್ಲಿ ಎಲ್ಲವನ್ನೂ ಸರ್ಕಾರ ವಾಪಸ್ ತೆಗೆದುಕೊಂಡಿತು.

ತಾಲ್ಲೂಕಿಗೆ ಆಗಿಬರುತ್ತದೆಯೇ ಅಂದೆ. ಈ ಅಪಾಯ ಅಳೆಯುವ ಕೆನಡಾದ ಪ್ರಶ್ನಾವಳಿಯನ್ನು ಹಾಗೇ ತಂದು ತುಂಬಬೇಡ. ಅಲ್ಲಿನ ಪ್ರಶ್ನೆಗಳಿಗೆ ನಮ್ಮ ಕೂಡು ಕುಟುಂಬ, ಜಾತಿ, ಕೂಲಿಗೆ ಗುಳೆ ಹೋಗುವುದು ಗೊತ್ತಿಲ್ಲ. ಆದರೆ ನಿನ್ನ ಕೈಯಲ್ಲಿರುವ ಪಟ್ಟಿಯನ್ನು ನಾಳೆಯೇ ಎರಡು ಭಾಗ ಮಾಡಬಹುದು. ಕೆಲಸವಿದ್ದು, ಮನೆಯಿದ್ದು, ಮೊದಲ ಸಲ ಸಿಕ್ಕಿಬಿದ್ದವರು ಒಂದು ಕಡೆ. ಆದೇಶದಲ್ಲಿ ಇಂತಿಷ್ಟು ದಿನಕ್ಕೆ ಬರಬೇಕೆಂದು ಇಲ್ಲದಿದ್ದರೆ ಅವರಿಗೆ ಎರಡು ತಿಂಗಳಿಗೊಮ್ಮೆ ಸಾಕು, ಅದೂ ಭಾನುವಾರವೋ ಸಂತೆಯ ದಿನವೋ, ಕೂಲಿ ತಪ್ಪದಂತೆ. ಉಳಿತಾಯವಾದ ಹೊತ್ತನ್ನು ಇನ್ನೊಂದು ಕಡೆಯ ಐದಾರು ಮಂದಿಗೆ ಕೊಡು. ಅವರ ಮನೆಗೆ ಹೋಗು. ಪೊಲೀಸ್ ಜೀಪಿನಲ್ಲಿ ಹೋಗಬೇಡ, ಇಡೀ ಬೀದಿ ಬಾಗಿಲಿಗೆ ಬಂದು ನಿಲ್ಲುತ್ತದೆ. ಸಂಜೆ ಆರೂವರೆ ಒಳ್ಳೆಯ ಸಮಯ, ಮನೆಯಲ್ಲಿ ಯಾರಿದ್ದಾರೆ ಯಾರಿಲ್ಲ ಆಗ ಗೊತ್ತಾಗುತ್ತದೆ. ಪುಸ್ತಕ ಚೀಲದಲ್ಲೇ ಇರಲಿ. ಟೀ ಕೊಟ್ಟರೆ ಕುಡಿ. ‘ಷರತ್ತು ಪಾಲಿಸುತ್ತಿದ್ದೀಯಾ’ ಎಂದು ಶುರುಮಾಡಬೇಡ, ‘ಹೋದ ಶನಿವಾರ ರಾತ್ರಿ ಏನೇನಾಯಿತು, ಮೊದಲಿಂದ ಹೇಳು’ ಅನ್ನು. ಅವನು ಸುಮ್ಮನಾದರೆ ನೀನೂ ಸುಮ್ಮನಿರು. ಮನೆಗೆ ಬಂದ ಮೇಲೆ, ಮಲಗುವ ಮೊದಲು ಬರೆದುಕೋ.